ಪಾಠ ಶುರು ಮಾಡುವ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ನೆಟ್ಟಗೆ ಒಳಗೆ ಬಂದು, ಪುಸ್ತಕ ತೆರೆದು ಪಾಠ ಆರಂಭಿಸಿದ್ದನ್ನು ದೊಡ್ಡವರಿಗೆಂದು ನಡೆಯುತ್ತಿದ್ದ ಆ ಸಂಜೆ ತರಗತಿಯಲ್ಲಿ ಯಾರೂ ಕಂಡವರಲ್ಲ. ಒಂದು ದಿನ ಮೊಣಕೈ ಸವೆದ ಕಂದು ಕೋಟನ್ನು ಒಳಹೊರಗಾಗಿ ತೊಟ್ಟು, ಯಾರಾದರೂ ಇಂಗ್ಲಿಷಿನಲ್ಲಿ ಅದನ್ನು ಎತ್ತಿ ಆಡುವವರೆಗೆ ಗಂಭೀರವದನರಾಗಿ ನಿಂತಿದ್ದರು. ಇನ್ನೊಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು, ಮೇಷ್ಟ್ರು ಇನ್ನೂ ಬಂದಿಲ್ಲವೆಂದು ತಾವೇ ಇಂಗ್ಲಿಷಿನಲ್ಲಿ ಗೊಣಗಿದ್ದರು. ದೊಡ್ಡವರಿಗೆ ನಾಲಿಗೆಗಿಂತ ಮೊದಲು ನಾಚಿಕೆ ಸಡಿಲವಾಗಬೇಕು ಎಂಬುದು ಅವರ ಸಿದ್ಧಾಂತ. ಮನೆಮಾತನ್ನಂತೂ ಅವರು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದರು.

ಮುಂದಿನ ಸಾಲಿನ ಹೊಲಿಗೆಯಾಕೆಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ಇವತ್ತೇನು ಕಲಿತೆ ಎಂದು ಗಂಡ ಕೇಳಿದರೆ, ಮೇಷ್ಟ್ರ ಕೋಟು ಉಲ್ಟಾ ಇತ್ತು ಎನ್ನುವುದು ಹೇಗೆ? ಆದರೂ ಪರದೇಶದ ಗಿರಾಕಿಯೊಬ್ಬಳಿಗೆ ತಾನು ಇಂಗ್ಲಿಷಿನಲ್ಲಿ ತಡವರಿಸದೆ ಉತ್ತರಿಸಿದ ದಿನ ಅವಳಿಗೇ ಆಶ್ಚರ್ಯವಾಯಿತು. ಅಂದಿನಿಂದ ಆ ಮುದುಕ ಮೇಷ್ಟ್ರೆಂದರೆ ಹೆತ್ತ ತಂದೆಯ ಮೇಲಿನಷ್ಟೇ ಅಕ್ಕರೆ.

ಹೀಗಿರುವಾಗ ಒಂದು ಸಂಜೆ ಅವರು ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲರ ಮುಖವನ್ನೂ ನಿಧಾನವಾಗಿ ನೋಡಿ, "ನೀವೆಲ್ಲ ಯಾರು? ನಾನಿಲ್ಲಿಗೆ ಯಾಕೆ ಬಂದೆ?" ಎಂದರು.

ತರಗತಿ ಗೊಳ್ಳೆಂದು ನಕ್ಕಿತು. ಲಾರಿ ಚಾಲಕ ಎದ್ದು, ತನ್ನ ಹೆಸರು ಕಸುಬುಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದ. ಬೇಕರಿಯವನು ತಾನೇನು ಕಡಿಮೆ ಎಂದು ಒಲೆಯ ವರ್ಣನೆಯನ್ನೂ ಸೇರಿಸಿದ. ಮೇಷ್ಟ್ರು ಪ್ರತಿಯೊಬ್ಬರಿಗೂ ವಿನಯದಿಂದ ತಲೆದೂಗಿದರೇ ಹೊರತು ಯಾರ ತಪ್ಪನ್ನೂ ತಿದ್ದಲಿಲ್ಲ. ಅವರು ಕೇಳಿದ್ದು ಮನೆಮಾತಿನಲ್ಲಿ ಎಂಬುದು ಆಗ ಹೊಲಿಗೆಯಾಕೆಗೆ ಹೊಳೆಯಿತು.

ಇದು ಆಟವೋ, ನಿಜವೋ? ಆಟವಾದರೆ ಕೇಳಿ ಕೆಡಿಸಿದಂತೆ. ನಿಜವಾದರೆ ಎಲ್ಲರೆದುರು ಅವರ ಮಾನ ಕಳೆದಂತೆ, ತರಗತಿ ನಡೆಸುವ ಸಂಸ್ಥೆಯವರ ಕಿವಿಗೆ ಬಿದ್ದರೆ ಪಾಠವೂ ಅವರ ಕೈತಪ್ಪಿದಂತೆ. ಅವಳು ಎದ್ದು ಹೋಗಿ ಅವರ ಕೈ ಹಿಡಿದಳು.

"ಯೂ ಆರ್ ಅವರ್ ಟೀಚರ್. ಪ್ಲೀಸ್ ಕಮ್."

ಅವರು ಕೋಟಿನ ಗುಂಡಿ ಸವರುತ್ತ ಒಳಗೆ ಬಂದು, "ಗುಡ್" ಎಂದು ಚಾಕ್‌ಪೀಸ್ ಎತ್ತಿಕೊಂಡರು.

ಮರುದಿನದಿಂದ ಪಾಠ ಶುರು ಮಾಡುವುದು ಅವಳ ಪಾಲಿಗೆ ಬಂತು. ಬಾಗಿಲಿಗೆ ಹೋಗಿ ಅವರನ್ನು ಕರೆತಂದು, ಎಲ್ಲರನ್ನೂ ಇಂಗ್ಲಿಷಿನಲ್ಲಿ ಪರಿಚಯಿಸುತ್ತಾಳೆ. ಇದೂ ಮೇಷ್ಟ್ರ ಹೊಸ ಉಪಾಯವೆಂದು ಉಳಿದವರು ಹೊಗಳುತ್ತಾರೆ. ಒಮ್ಮೆ ಅವರು ಮೆಲ್ಲನೆ, "ಚೆನ್ನಾಗಿ ಮಾಡ್ತಿದೀಯ ತಾಯಿ" ಎಂದರು. ಅದು ಅವಳ ಇಂಗ್ಲಿಷಿಗೋ, ಉಪಕಾರಕ್ಕೋ, ಅವಳಿಗೆ ಇಂದಿಗೂ ಅರ್ಥವಾಗಿಲ್ಲ.

ಕಲಿಸುವುದನ್ನೇ ಉಸಿರಾಗಿಸಿಕೊಂಡವರ ಕುಲವೇ ಹೀಗೆ: ಅವರ ನಟನೆ ಎಲ್ಲಿ ಮುಗಿಯಿತು, ಮುಪ್ಪು ಎಲ್ಲಿ ಮೊದಲಾಯಿತು ಎಂಬುದು ಶಿಷ್ಯರಿಗೆ ತಿಳಿಯುವುದಿಲ್ಲ, ಏನೂ ತಿಳಿಯದೆಯೂ ಎದ್ದು ಹೋಗಿ ಕೈ ಹಿಡಿದವರಿಗೆ ಮಾತ್ರ ಅವರು ಕಲಿಸಿದ್ದು ಮೈಗೂಡಿರುತ್ತದೆ.