ಎತ್ತಬೇಡಿ

ಗೊಂಬೆ ಬಾಡಿಗೆಯದು. ಅದರ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಕೂಡದು ಅಂತ ಮ್ಯಾನೇಜರ್ ಮೊದಲೇ ತಾಕೀತು ಮಾಡಿದ್ದ. ಹಾಗಾಗಿ ಆ ಲಾಂಡ್ರಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಅನ್ನುವುದು ನಡೆದ ಚೆಂದವೇ ಚೆಂದ. ಕೆಲವು ಹೆಂಗಸರನ್ನು ಕರೆದು ಹೊಸ ಟೋಪಿ ತೊಡಿಸಿದರು, ಗೊಂಬೆಯ ಸುತ್ತ ಮಂಡಿಯೂರಿಸಿದರು, ಫೋಟೋ ಹೊಡೆದರು, ಟೋಪಿ ವಾಪಸ್ ಇಸಿದುಕೊಂಡರು. ದೊಡ್ಡ ಹೋಟೆಲಿನವರೂ ಆಸ್ಪತ್ರೆಯವರೂ ತಮ್ಮ ಚಾದರಗಳನ್ನು ಒಗೆಯಲು ಕೊಡುವ ಮೊದಲು ಇಂಥ ಫೋಟೋ ಕೇಳುತ್ತಾರಂತೆ. ಚಾದರ ಒಗೆಯುವವರ ಜೀವದ ಮೇಲೆ ಅವರಿಗೆ ಅಷ್ಟು ಕಾಳಜಿ!

ಕಲಿಸಲು ಬಂದಿದ್ದ ನರ್ಸಮ್ಮ, ಕೆಲಸದಿಂದ ನಿವೃತ್ತಳಾದ ಮುದುಕಿ, ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಕೆಲಸದ ಗಂಟೆ ಹೊಡೆಯಿತು.

"ಮುಗೀತಾ?" ಅಂದವಳು ಸೂಜಿ. ಮೈ ಸಣ್ಣ, ನಾಲಿಗೆ ಚೂಪು ಅಂತ ಜೊತೆಯ ಹೆಂಗಸರು ಅವಳಿಗೆ ಇಟ್ಟ ಹೆಸರು ಅದು.

"ಮುಗೀತು ಕಣಮ್ಮ. ಈಗ ನೀನು ಅರ್ಧ ಡಾಕ್ಟರ್," ಅಂದ ಸೂಪರ್‌ವೈಸರ್.

"ಇನ್ನರ್ಧ ಯಾವಾಗ ಕೊಡ್ತೀರಿ? ಯಾರಾದ್ರೂ ಸತ್ತ ಮೇಲಾ?"

ನರ್ಸಮ್ಮನಿಗೆ ನಗು ಬಂತು. ಗೇಟಿನ ಬಳಿ ಸೂಜಿಯ ಮೊಣಕೈ ಹಿಡಿದು ಪಕ್ಕಕ್ಕೆ ಕರೆದಳು. "ರಜೆ ದಿನ ಮನೆಗೆ ಬಾ. ಗೊಂಬೆ ಗಿಂಬೆ ಇಲ್ಲ ನನ್ನ ಹತ್ರ. ಒದ್ದೆ ಟವೆಲ್ಲು ಸುತ್ತಿ ಚೀಲಕ್ಕೆ ತುಂಬಿದ್ರೆ ಅದೇ ಗೊಂಬೆ."

ಸೂಜಿ ಹೋದಳು. ನರ್ಸಮ್ಮನ ಅಡುಗೆಮನೆಯ ನೆಲದಲ್ಲಿ ಒದ್ದೆ ಟವೆಲ್ಲಿನ ಮೂಟೆ ಮಲಗಿತ್ತು, ನೀರು ಒಸರುತ್ತ.

"ಮೊದಲು ಭುಜ ತಟ್ಟಿ ಕೂಗು. ಏಳ್ಲಿಲ್ವಾ? ಉಸಿರು ನೋಡು. ದಡಕ್ಕೆ ಬಿದ್ದ ಮೀನು ಬಾಯಿ ಬಿಡುತ್ತಲ್ಲ, ಆ ಥರ ಒಂದೊಂದು ಸಲ ಬಾಯಿ ಬಿಟ್ರೆ ಅದು ಉಸಿರಲ್ಲ. ಅಲ್ಲೇ ಎಲ್ಲರೂ ಮೋಸ ಹೋಗೋದು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡ್ಸು. 'ಯಾರಾದ್ರೂ ಮಾಡಿ' ಅಂದ್ರೆ ಯಾರೂ ಮಾಡಲ್ಲ. ಒಬ್ಬರಿಗೆ ಬೆರಳು ತೋರಿಸಿ ಹೇಳು."

"ಆಮೇಲೆ?"

"ಒತ್ತು. ಎದೆ ನಡುಮಧ್ಯ, ಅಂಗೈ ಬುಡ. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚ್ಬೇಡ... ಏ, ನಾದಬೇಡ ಕಣೇ, ಹಿಟ್ಟಲ್ಲ ಅದು! ಮೈಭಾರ ಬಿಡು. ಎರಡು ಅಂಗುಲ ಇಳೀಬೇಕು. ಇಳಿಸಿದ ಮೇಲೆ ಪೂರ್ತಿ ಮೇಲೆ ಬರೋಕೆ ಬಿಡು. ಬೇಗ ಬೇಗ."

"ಎಷ್ಟು ಹೊತ್ತು?"

"ಬೇರೆ ಕೈ ಬರೋವರೆಗೆ. ಕೈ ಸೋತ್ರೆ ಇನ್ನೊಬ್ಬರನ್ನ ಕೂರಿಸು. ನಡುವೆ ನಿಲ್ಲಿಸ್ಬೇಡ." ನರ್ಸಮ್ಮ ಕೈ ಒರೆಸಿಕೊಂಡಳು. "ಜನ ಕೆಟ್ಟವರಲ್ಲ ಸೂಜಿ. ಪ್ರೀತಿಯಿಂದಾನೇ ಎತ್ಕೊಂಡು ಓಡ್ತಾರೆ. ಓಡೋ ಹೊತ್ತಲ್ಲಿ ಎದೆ ಒತ್ತೋರು ಯಾರೂ ಇರಲ್ಲ. ಪ್ರೀತಿ ಅಲ್ಲೇ ಪ್ರಾಣ ತೆಗೆಯುತ್ತೆ."

ಸೂಜಿ ಒತ್ತಿ ಒತ್ತಿ ಮೂಟೆಯ ನೀರೆಲ್ಲ ನೆಲಕ್ಕಿಳಿಸಿ, ನೆಲ ಒರೆಸಿಕೊಟ್ಟು ಮನೆಗೆ ಬಂದಳು.

ಮನೆಯಲ್ಲಿ ಕಲಿತದ್ದನ್ನು ಹೇಳಿಕೊಳ್ಳಲು ಒಂದು ಕಿವಿ ಇತ್ತು, ಆದರೆ ಆ ಕಿವಿಯ ಜೊತೆ ಮಾತಿರಲಿಲ್ಲ. ಒಂದೇ ಮನೆ, ನಡುವೆ ಒಂದು ಪರದೆ. ಪರದೆಯಾಚೆ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸೂಜಿಗೆ ಈ ಲಾಂಡ್ರಿಯ ಕೆಲಸ ಕೊಡಿಸಿದವಳು, ಚಾದರ ಮಡಚಲು ಕಲಿಸಿದವಳು ಇದೇ ಅಕ್ಕ. ಮಾತು ಬಿಟ್ಟದ್ದು ಕಿಟಕಿಯ ದೆಸೆಯಿಂದ. ಲಾಂಡ್ರಿಯ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು, ಧೂಳು ಬಂದು ಬಿಳಿ ಚಾದರ ಕೆಡುತ್ತದೆ ಅಂತ. ಒಳಗೆ ಚಾದರ ಇಸ್ತ್ರಿ ಮಾಡುವ ಕಾದ ರೋಲರು, ಒಣಗಿಸುವ ಯಂತ್ರ, ಹಬೆ. ಕಿಟಕಿ ತೆಗೆಯಿರಿ ಅಂತ ಕೇಳಲು ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತ ದಿನ ಅಕ್ಕ ಒಬ್ಬಳೇ ಏಳಲಿಲ್ಲ. "ಇಬ್ಬರು ಹೆಣ್ಣುಮಕ್ಕಳಿದಾರೆ ನನಗೆ. ಇರೋ ಅನ್ನಕ್ಕೂ ಕಲ್ಲು ಹಾಕ್ಬೇಡ," ಅಂದಳು. ಸೂಜಿ ಎಲ್ಲರೆದುರು ಅವಳನ್ನು "ಮ್ಯಾನೇಜರನ ಸೊಸೆ" ಅಂದಳು. ಬಿಲ್ಲಿಂದ ಬಿಟ್ಟ ಬಾಣ. ಕಿಟಕಿಯೂ ತೆರೆಯಲಿಲ್ಲ, ಪರದೆಯೂ ಸರಿಯಲಿಲ್ಲ.

ಆದರೂ ರೋಲರಿನ ಬಾಯಿಂದ ಹೊರಬರುವ ಸುಡು ಚಾದರ ಮಡಚಲು ಇಬ್ಬರು ಬೇಕು, ಆ ಇಬ್ಬರು ಇವರೇ. ಆಚೆ ತುದಿ ಅಕ್ಕ, ಈಚೆ ತುದಿ ಸೂಜಿ. ಎಳೆದು ನಿಲ್ಲಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಬೆರಳಿಗೆ ಬೆರಳು ತಾಕಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಮುಖ ನೋಡದೆ ದಿನವಿಡೀ ಇದನ್ನು ಮಾಡುವುದಕ್ಕೂ ಒಂದು ಹಟ ಬೇಕು. ಇಬ್ಬರಿಗೂ ಇತ್ತು.

ಅವತ್ತು ಹೊರಗೇ ಬೆಂಕಿ ಸುರಿಯುತ್ತಿತ್ತು; ಒಳಗಿನ ಮಾತು ಹೇಳುವುದೇ ಬೇಡ. ಊಟದ ಹೊತ್ತಿಗಿಂತ ಮುಂಚೆ ಸೂಜಿಯ ಕೈಯಲ್ಲಿದ್ದ ಚಾದರ ಇದ್ದಕ್ಕಿದ್ದ ಹಾಗೆ ಸಡಿಲವಾಯಿತು. ಬೇಕಂತಲೇ ಬಿಟ್ಟಳು ಅಂದುಕೊಂಡಳು ಸೂಜಿ. ಸಿಟ್ಟು ನೆತ್ತಿಗೇರಿ ಚಾದರವನ್ನು ರಪ್ಪನೆ ತನ್ನ ಕಡೆಗೆ ಎಳೆದಳು. ಅದು ಸಲೀಸಾಗಿ ಬಂತು. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

ಅಕ್ಕ ನೆಲದ ಮೇಲಿದ್ದಳು. ಒಂದು ಕೈ ಇನ್ನೂ ಮೂಲೆ ಹಿಡಿದ ಹಾಗೆಯೇ ಮಡಚಿಕೊಂಡಿತ್ತು.

"ಕಾವಿಗೆ ತಲೆ ತಿರುಗಿದೆ, ನೀರು ತನ್ನಿ!" ರೋಲರಿಗೆ ಚಾದರ ಊಡುತ್ತಿದ್ದ ಉದ್ದಕ್ಕ ಓಡಿಬಂದಳು, ಎತ್ತರದ ಆಳು, ಅಕ್ಕನ ಜೀವದ ಗೆಳತಿ. ಇನ್ನೊಬ್ಬಳು ಸೆರಗಲ್ಲಿ ಗಾಳಿ ಹಾಕಿದಳು.

ಸೂಜಿ ಮಂಡಿಯೂರಿ ಭುಜ ತಟ್ಟಿದಳು. "ಅಕ್ಕಾ. ಏ ಅಕ್ಕಾ!" ಎಷ್ಟೋ ದಿನದ ಮೇಲೆ ಬಾಯಿಂದ ಬಂದ ಪದ. ಅಕ್ಕ ಕಣ್ಣು ಬಿಡಲಿಲ್ಲ. ಬಾಯಿ ಮಾತ್ರ ಒಮ್ಮೆ ತೆರೆದು ಗೊರಕ್ ಅಂದಿತು.

"ಉಸಿರಾಡ್ತಿದಾಳೆ! ಸದ್ಯ, ದೇವರು ದೊಡ್ಡವನು," ಅಂದಳು ಉದ್ದಕ್ಕ, ಲೋಟ ಅಕ್ಕನ ತುಟಿಗೆ ಒಯ್ಯುತ್ತ.

ಸೂಜಿ ಲೋಟವನ್ನು ಕೈಯಿಂದ ಹೊಡೆದಳು. ಎದೆ ಏರುತ್ತದಾ ನೋಡಿದಳು. ಏರಲಿಲ್ಲ. ಬಹಳ ಹೊತ್ತಿನ ಮೇಲೆ ಬಾಯಿ ಇನ್ನೊಮ್ಮೆ ತೆರೆಯಿತು. ದಡದ ಮೀನು.

ಹೆಂಗಸರ ಫೋನುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ ಬೀಗದೊಳಗಿದ್ದವು. ಫೋನ್ ಇಟ್ಟುಕೊಳ್ಳುವ ಯೋಗ್ಯತೆ ಅಲ್ಲಿ ಸೂಪರ್‌ವೈಸರಿಗೆ ಮಾತ್ರ. ಸೂಜಿ ಅವನಿಗೇ ಬೆರಳು ತೋರಿಸಿದಳು. "ನೀವು. ಆಂಬುಲೆನ್ಸಿಗೆ ಫೋನ್ ಮಾಡಿ. ಎದೆ ನಿಂತಿದೆ ಅನ್ನಿ. ಈಗಲೇ!"

ಅವನು ಫೋನ್ ಕಿವಿಗಿಟ್ಟು ಆಚೆ ಹೋದದ್ದನ್ನು ನೋಡಿಕೊಂಡೇ ಅವಳು ಅಕ್ಕನ ಎದೆಯ ಮೇಲೆ ಅಂಗೈ ಇಟ್ಟು ಮೈಭಾರ ಬಿಟ್ಟಳು. ಒತ್ತು, ಬಿಡು. ಒತ್ತು, ಬಿಡು. ಟವೆಲ್ಲಿನ ಮೂಟೆ ಮೆತ್ತಗಿತ್ತು. ಈ ಎದೆ ಹಾಗಲ್ಲ. ಇನ್ನೂ ಭಾರ ಹಾಕಿದಳು. ಅಂಗೈಯಡಿ ಲಟಕ್ ಅಂತ ಏನೋ ಮುರಿಯಿತು.

ಸುತ್ತ ನಿಂತವರಿಗೂ ಕೇಳಿಸಿತು.

"ಅಯ್ಯಯ್ಯೋ, ಕೊಂದುಬಿಟ್ಟಳು!" ಉದ್ದಕ್ಕ ಅವಳ ತೋಳಿಗೆ ಜೋತುಬಿದ್ದು ಹಿಂದಕ್ಕೆಳೆದಳು. "ಬಿಡೇ ಪಾಪಿ! ಹಳೇ ಸೇಡು ತೀರಿಸ್ಕೊಳ್ಳೋಕೆ ಇದೇ ಸಮಯ ಬೇಕಿತ್ತಾ? ಪ್ರಜ್ಞೆ ಇಲ್ಲದವಳ ಎಲುಬು ಮುರೀತೀಯಾ?"

ಸೂಜಿಯ ಕೈ ಗಾಳಿಯಲ್ಲಿ ನಿಂತಿತು. ಟವೆಲ್ಲಿಗೆ ಎಲುಬಿರಲಿಲ್ಲ. ಎಲುಬು ಮುರಿದರೆ ಏನು ಮಾಡಬೇಕು ಅಂತ ಅವಳು ಕೇಳಿರಲಿಲ್ಲ, ನರ್ಸಮ್ಮ ಹೇಳಿರಲಿಲ್ಲ. ಅದು ಶ್ವಾಸಕೋಶಕ್ಕೆ ಚುಚ್ಚಿದರೆ? ನಾಳೆ ಆ ಇಬ್ಬರು ಹುಡುಗಿಯರು ಪರದೆ ಸರಿಸಿ ಚಿಕ್ಕಮ್ಮನ ಮುಖ ನೋಡಿದರೆ? ಒಂದೇ ಒಂದು ಮಾತು ಕಿವಿಯಲ್ಲಿತ್ತು, ನಡುವೆ ನಿಲ್ಲಿಸಬೇಡ.

"ಬದುಕಿದ್ರೆ ತಾನೇ ಎಲುಬು ನೋಯೋದು!" ಅಂತ ಕಿರುಚಿ ತೋಳು ಕೊಡವಿಕೊಂಡು ಮತ್ತೆ ಅದೇ ಜಾಗಕ್ಕೆ ಅಂಗೈ ಇಟ್ಟಳು. "ನೋಡು ಉದ್ದಕ್ಕ, ಕಣ್ಣು ಬಿಟ್ಟು ನೋಡು, ಎದೆ ಏರ್ತಿದೆಯಾ? ನಿಂತಿದೆ. ನಾನು ಕೈ ತೆಗೆದ್ರೆ ಇವಳು ಹೋದಳು. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಆಮೇಲೆ ಬಂದು ಜುಟ್ಟು ಹಿಡಿ. ಈಗ ಬಿಡು!"

ಉದ್ದಕ್ಕ ಬಿಟ್ಟಳು. ನಂಬಿಕೆಯಿಂದಲೋ ಭಯದಿಂದಲೋ, ಅಂತೂ ಬಿಟ್ಟಳು.

ಸೂಜಿಯ ಬೆವರು ತೊಟ್ಟಿಕ್ಕಿ ಅಕ್ಕನ ಕೊರಳ ಕುಳಿಯಲ್ಲಿ ನಿಂತಿತು. ಪಕ್ಕದಲ್ಲಿ ರೋಲರು ತಿರುಗುತ್ತಲೇ ಇತ್ತು. ಹಿಡಿಯುವವರಿಲ್ಲದ ಚಾದರಗಳು ಹೊರಬಂದು ಗುಪ್ಪೆಯಾಗಿ ಬೀಳುತ್ತಿದ್ದವು. ಭುಜದ ಗಂಟುಗಳಲ್ಲಿ ಉರಿ ಹತ್ತಿತು. ಆಂಬುಲೆನ್ಸಿನ ಸದ್ದಿಗೆ ಕಿವಿ ನೆಟ್ಟೇ ಇದ್ದಳು. ಬಾಗಿಲು ತೆರೆಯಿತು. ಬಂದವನು ಮ್ಯಾನೇಜರ್, ಬೆನ್ನ ಹಿಂದೆ ಮೂಟೆ ಹೊರುವ ಇಬ್ಬರು.

"ಎತ್ರೋ. ವ್ಯಾನು ಗೇಟಿನ ಹತ್ರ ಇದೆ. ಬೇಗ!"

"ಆಂಬುಲೆನ್ಸ್ ಎಲ್ಲಿ?" ಸೂಜಿ ಕೈ ನಿಲ್ಲಿಸದೆ ಸೂಪರ್‌ವೈಸರನ ಕಡೆ ತಿರುಗಿದಳು.

ಅವನು ಫೋನ್ ಎತ್ತಿ ತೋರಿಸಿದ. "ಸಾಹೇಬ್ರಿಗೆ ಮಾಡ್ದೆ. ಮೊದಲು ಸಾಹೇಬ್ರಿಗೆ ತಾನೇ ಹೇಳ್ಬೇಕು?"

ಅವನು ಕೆಟ್ಟವನಲ್ಲ. ಬೆಂಕಿ ಬಿದ್ದರೂ ಮೊದಲು ಸಾಹೇಬರಿಗೆ, ಬೆರಳು ಕತ್ತರಿಸಿದರೂ ಮೊದಲು ಸಾಹೇಬರಿಗೆ. ಆ ಒಂದು ಪಾಠವನ್ನು ಲಾಂಡ್ರಿ ಅವನಿಗೆ ಪ್ಲಾಸ್ಟಿಕ್ ಹೊದಿಕೆ ತೆಗೆದೇ ಕಲಿಸಿತ್ತು.

ಇಷ್ಟು ಹೊತ್ತು ಸೂಜಿ ಒತ್ತಿದ್ದು ಯಾರೂ ಬರದ ದಾರಿ ಕಾಯುತ್ತ. ಹೋದ ಬೇಸಿಗೆಯಲ್ಲಿ ಬಾಯ್ಲರ್ ತಾತ ಕುಸಿದಾಗಲೂ ಇದೇ ವ್ಯಾನು ಬಂದಿತ್ತು. ತಾತ ಗೇಟು ದಾಟಿದ ಮೇಲೆ ಸತ್ತ ಅಂತ ಆಯಿತು. ಆ ಲಾಂಡ್ರಿಯೊಳಗೆ ಯಾರೂ ಸಾಯುವುದಿಲ್ಲ. ಸಾಯುವವರೆಲ್ಲ ರಸ್ತೆಯಲ್ಲೇ ಸಾಯುತ್ತಾರೆ.

"ಉದ್ದಕ್ಕ," ಅಂದಳು. ಬೆರಳು ತೋರಿಸಲು ಕೈಗೆ ಬಿಡುವಿರಲಿಲ್ಲ, ಗದ್ದ ಎತ್ತಿದಳು. "ನೀನು. ಅವನ ಫೋನ್ ಕಿತ್ಕೋ."

ಉದ್ದಕ್ಕ ಒಂದು ಗಳಿಗೆ ಅಕ್ಕನ ಮುಖ ನೋಡಿದಳು, ಒಂದು ಗಳಿಗೆ ಮ್ಯಾನೇಜರನ ಮುಖ. ಆಮೇಲೆ ಸೂಪರ್‌ವೈಸರನ ಕೈಯಿಂದ ಫೋನನ್ನು ಕಿತ್ತೇಬಿಟ್ಟಳು. "ಹಲೋ, ಆಂಬುಲೆನ್ಸಾ? ಎದೆ ನಿಂತಿದೆ ಸ್ವಾಮಿ, ಹೆಂಗಸು, ಒತ್ತುತಾ ಇದೀವಿ... ಹೌದು, ಒಳಗೇ. ಲಾಂಡ್ರಿ ಒಳಗೇ ಬಿದ್ದಿದಾಳೆ!"

"ಯಾರನ್ನ ಕೇಳಿ ಮಾಡ್ದೆ?" ಮ್ಯಾನೇಜರನ ಮುಖ ಕೆಂಪಗಾಯಿತು. "ವ್ಯಾನ್ ಇರೋವಾಗ ಕಾಯ್ತಾ ಕೂತು ಸಾಯಿಸ್ತೀರಾ ಅವಳನ್ನ? ಲೇ, ಕಾಲು ಹಿಡಿಯೋ ನೀನು."

ಎಲ್ಲರೂ ಒಪ್ಪುವ ಮಾತು. ಸುತ್ತಲಿನ ಹೆಂಗಸರೂ ಗುಜುಗುಜು ಅಂದರು: ಹೌದು, ಎತ್ತಿ, ಎತ್ಕೊಂಡು ಹೋಗಿ, ಬೇಗ ಹೋಗಲಿ. ಕಂಬದಂಥ ಆಳು ಗೂಳಿ, ಮೂಟೆ ಹೊರುವವನು, ಬಗ್ಗಿ ಅಕ್ಕನ ಪಾದ ಹಿಡಿದ.

"ಎತ್ತಬೇಡ," ಅಂದಳು ಸೂಜಿ.

"ಸಾಹೇಬ್ರು ಹೇಳಿದ್ರಲ್ಲಕ್ಕ."

"ಎತ್ತಿದ್ರೆ ಒತ್ತೋರ್ಯಾರೋ? ನೀನು ಬಾಗಿಲು ದಾಟೋ ಹೊತ್ತಿಗೆ ಹೆಣ ಹೊತ್ತಿರ್ತೀಯ. ಬಾಯ್ಲರ್ ತಾತನ್ನ ಹೊತ್ತಿದ್ದು ನೀನೇ ಅಲ್ವಾ?"

ಗೂಳಿಯ ಮುಖ ಸಣ್ಣದಾಯಿತು.

"ನನ್ನ ಕೈ ಹೋಯ್ತು ಗೂಳಿ. ಇನ್ನು ಆಗಲ್ಲ ನನ್ನಿಂದ." ಅದು ಬೇಡಿಕೆಯಲ್ಲ, ಇದ್ದ ವಿಷಯ. ಅವಳ ಮೊಣಕೈ ಮಡಚತೊಡಗಿತ್ತು, ಎದೆ ಎರಡು ಅಂಗುಲ ಇಳಿಯುತ್ತಿರಲಿಲ್ಲ. "ಎತ್ತೋ ಬಲ ಇದೆಯಲ್ಲ, ಅದನ್ನ ಇಲ್ಲಿ ಹಾಕು. ಬಾ, ಎದುರಿಗೆ ಕೂತ್ಕೋ."

"ಗೂಳೀ!" ಅಂತ ಮ್ಯಾನೇಜರ್ ಗುಡುಗಿದ. "ಕೆಲಸ ಬೇಕಾ ಬೇಡ್ವಾ ನಿನಗೆ?"

ಗೂಳಿ ಪಾದ ಬಿಟ್ಟ. ಎದ್ದು ನಿಂತ. ಹೋಗಿಯೇ ಬಿಟ್ಟ ಅಂದುಕೊಂಡಳು ಸೂಜಿ. ಅವನು ಸುತ್ತು ಹಾಕಿ ಬಂದು ಧೊಪ್ಪನೆ ಎದುರಿಗೆ ಮಂಡಿಯೂರಿದ.

"ಕೈ ಎಲ್ಲಿ ಇಡ್ಲಿ?"

"ನನ್ನ ಕೈ ಇರೋ ಕಡೆ. ನಾನು ತೆಗೆದ ತಕ್ಷಣ. ಮೊಣಕೈ ನೆಟ್ಟಗೆ. ಇಳಿಸು, ಬಿಡು. ಹಾಂ, ಇಳಿಸು, ಬಿಡು. ಮೂಟೆ ಎಸೆದ ಹಾಗಲ್ಲ ಕಣೋ! ಪೂರ್ತಿ ಬಿಡು ಅಂದೆ. ಹಾಂ... ಹಾಗೆ."

ಅವಳು ನೆಲಕ್ಕೆ ಕೈಯೂರಿ ಏದುಸಿರು ಬಿಟ್ಟಳು. ಗೂಳಿಯ ತೋಳಿನಡಿ ಎದೆ ಸರಿಯಾಗಿ ಇಳಿಯುತ್ತಿತ್ತು. ಅವನ ಜೊತೆಗಾರನನ್ನು ಮ್ಯಾನೇಜರ್ ಮುಂದೆ ತಳ್ಳಿದ. ಉದ್ದಕ್ಕ ಅಡ್ಡ ಬಂದು ನಿಂತಳು. ಅವಳ ಪಕ್ಕದಲ್ಲಿ ಸೆರಗಲ್ಲಿ ಗಾಳಿ ಹಾಕುತ್ತಿದ್ದವಳು ನಿಂತಳು. ಯಾರೋ ರೋಲರಿನ ಕೆಂಪು ಗುಂಡಿ ಒತ್ತಿದರು. ಯಂತ್ರ ಕೊನೆಯ ಚಾದರವನ್ನು ಅರ್ಧ ಕಚ್ಚಿ ನಿಂತಿತು. ಹಠಾತ್ತನೆ ಬಿದ್ದ ಮೌನದಲ್ಲಿ ಗೂಳಿಯ ಹೂಂಕಾರವೊಂದೇ ಕೇಳುತ್ತಿತ್ತು.

"ಗಾಳಿ ಬೇಕು," ಅಂದರು ಯಾರೋ. ಕಬ್ಬಿಣದ ಸರಳೊಂದು ಕಿಟಕಿಯ ಚೌಕಟ್ಟಿಗೆ ನಾಟಿತು, ಮೊಳೆ ಕಿರ್ರೆಂದು ಕಿತ್ತು ಬಂತು. ಕೇಳಿದಾಗ ತೆರೆಯದ ಕಿಟಕಿ, ಕೇಳದೆ ತೆರೆಯಿತು. ಮ್ಯಾನೇಜರ್ ಮತ್ತೆ ಏನೋ ಕೂಗತೊಡಗಿದ. ಕಿವಿಗೊಡಲು ಯಾರಿಗೂ ಪುರಸೊತ್ತಿರಲಿಲ್ಲ.

ಮತ್ತೆ ಸೂಜಿ, ಮತ್ತೆ ಗೂಳಿ, ನಡುವೆ ಒಮ್ಮೆ ಉದ್ದಕ್ಕ, "ಕ್ಷಮಿಸೇ ತಾಯಿ, ಕ್ಷಮಿಸೇ," ಅಂತ ಅಕ್ಕನಿಗೆ ಹೇಳುತ್ತಲೇ ಒತ್ತಿದಳು. ಅಕ್ಕನ ತುಟಿಯ ನೀಲಿ ಹೋಗಲಿಲ್ಲ. ಹೋಗದೇ ಇದ್ದರೂ ನಿಲ್ಲಿಸಲಿಲ್ಲ.

ಆಂಬುಲೆನ್ಸಿನವರು ಬಂದರು. ಅವರೂ ಎತ್ತಲಿಲ್ಲ. ಅಲ್ಲೇ ಚಾದರಗಳ ನಡುವೆ ಕೂತು ಎದೆಗೆ ಕರೆಂಟು ಕೊಡುವ ಪಟ್ಟಿ ಅಂಟಿಸಿ, "ಎಲ್ಲರೂ ಕೈ ತೆಗೀರಿ" ಅಂದರು. ಅಕ್ಕನ ಮೈ ಒಮ್ಮೆ ಅದುರಿತು. ಏನೂ ಇಲ್ಲ. ಮತ್ತೆ ಒತ್ತಿದರು. ಮತ್ತೆ ಅದುರಿತು. ಅವರಲ್ಲಿ ಹಿರಿಯವನು ಅಕ್ಕನ ಕತ್ತಿಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಯೇ ಇದ್ದ.

"ಬಂತು," ಅಂದ. "ಸಣ್ಣಗಿದೆ. ಆದ್ರೆ ಬಂತು. ಎದೆ ಒತ್ತಿದ್ದು ಯಾರು?"

"ಎಲುಬು ಮುರೀತು ನನ್ನ ಕೈಯಲ್ಲಿ," ಅಂದಳು ಸೂಜಿ.

"ಸರಿಯಾಗಿ ಒತ್ತಿದ್ರೆ ಒಂದೊಂದು ಸಲ ಮುರಿಯುತ್ತೆ. ಅದು ಕೂಡಿಕೊಳ್ಳುತ್ತೆ. ನೀವು ಏನಾಗ್ಬೇಕು ಇವರಿಗೆ?"

"ಓರಗಿತ್ತಿ." ಒಂದು ಕ್ಷಣ ತಡೆದು, "ತಂಗಿ," ಅಂದಳು.

"ಗಾಡಿ ಹತ್ತಿ."

"ಕೆಲಸದ ಹೊತ್ತಲ್ಲಿ ಗೇಟು ದಾಟಿದ್ರೆ ನಾಳೆಯಿಂದ ಬರೋದು ಬೇಡ," ಅಂತ ಮ್ಯಾನೇಜರ್ ಹಿಂದಿನಿಂದ ಹೇಳಿದ. ಸೂಜಿ ತಿರುಗಿಯೂ ನೋಡಲಿಲ್ಲ. ಗೂಳಿಯೇ ಸ್ಟ್ರೆಚರಿನ ಒಂದು ತುದಿ ಹಿಡಿದು ಅವಳಿಗೆ ದಾರಿ ಮಾಡಿಕೊಟ್ಟ.

ಬಾಗಿಲು ಮುಚ್ಚಿತು, ಗಾಡಿ ಹೊರಟಿತು. "ಇವರು ಇನ್ನೂ ಗಂಡಾಂತರ ದಾಟಿಲ್ಲ," ಅಂದ ಹಿರಿಯವನು ಮೆಲ್ಲಗೆ. "ದಾರಿಯಲ್ಲಿ ಮತ್ತೆ ನಿಲ್ಲಬಹುದು. ಮುಖ ನೋಡ್ತಾ ಇರಿ, ಏನಾದ್ರೂ ಬದಲಾದ್ರೆ ಹೇಳಿ."

ಅವಳು ಅಕ್ಕನ ಮುಖವನ್ನೇ ನೋಡಿದಳು. ಎರಡು ಕೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ನೆಟ್ಟಗೆ ಮಾಡಿಕೊಂಡು, ಸಿದ್ಧವಾಗಿ ಕೂತಳು. ಎದೆ ಏರಿತು. ಇಳಿಯಿತು. ಮತ್ತೆ ಏರುವವರೆಗೆ ಅವಳೂ ಉಸಿರು ಬಿಡಲಿಲ್ಲ.