ಕುರ್ಚಿ ಮೇಲೆ ಕೂತ ಕೊಡಗಳು

"ಬೋಳಿಮಗನೇ, ಇದೇನು ಪಾತ್ರೆ ಅಂಗಡೀನಾ? ಎತ್ತೋ ನಿನ್ನ ದರಿದ್ರ ಕೊಡಗಳ್ನ!"

ನೀರಿನ ಇಲಾಖೆಯ ಸಣ್ಣ ಸಾಹೇಬರು ನನ್ನನ್ನು ಇಷ್ಟು ಪ್ರೀತಿಯಿಂದ ಮಾತಾಡಿಸಿದ್ದು ಇದೇ ಮೊದಲು. ನಾನು ಮಾತ್ರ ತಳ್ಳುಗಾಡಿಯಿಂದ ಕೊಡ ಇಳಿಸಿ, ಸಭಾಂಗಣದ ಕುರ್ಚಿಗೊಂದರಂತೆ ಕೂರಿಸುತ್ತಲೇ ಇದ್ದೆ. ಎಂಥ ಮೆತ್ತನೆಯ ಕುರ್ಚಿಗಳು! ತಳ ಸೊಟ್ಟಗಿದ್ದವೂ ನೆಟ್ಟಗೆ ಕೂತವು.

"ಇವು ನಮ್ಮ ಬೀದಿ ಹೆಂಗಸ್ರು ಸ್ವಾಮಿ. ಇದು ಇಸ್ತ್ರಿ ಅಕ್ಕ. ಇದು ಇಟ್ಟಿಗೆ ಹೊರೋ ಚಿಕ್ಕಮ್ಮ. ಈ ಬಾಯಿ ಹರಿದಿರೋದು ನನ್ನ ಹೆಂಡ್ತಿ."

ತಮಾಷೆಯಲ್ಲ. ನಮ್ಮ ಬೀದಿಗೆ ಇರುವುದೊಂದೇ ನಲ್ಲಿ. ಅದರ ಮುಂದೆ ಕೊಡ ಇಟ್ಟರೆ ಮನುಷ್ಯ ನಿಂತ ಲೆಕ್ಕ. ಇನ್ನೊಬ್ಬರ ಕೊಡ ಸರಿಸಿದವನ ಹಲ್ಲು ಬಾಯಲ್ಲೇ ಉಳಿದದ್ದನ್ನು ನಾನಂತೂ ಕಂಡಿಲ್ಲ.

ಇಲಾಖೆಯವರು ಮೈಕು ಹಿಡಿದು ಕೂಗಿ ಹೋಗಿದ್ದರು: ಮುಂದಿನ ನಲವತ್ತು ವರ್ಷದ ನೀರಿನ ಯೋಜನೆಗೆ ಜನರೇ ಬಂದು ಅಭಿಪ್ರಾಯ ಹೇಳಬೇಕಂತೆ. ನಮ್ಮ ನಲ್ಲಿ ಕಿತ್ತು ಪೈಪನ್ನು ಗುಡ್ಡದ ಬಂಗಲೆಗಳಿಗೆ ಎಳೆಯುವುದೂ ಆ ಯೋಜನೆಯಲ್ಲೇ ಇತ್ತು. ಸಭೆ ಇಟ್ಟದ್ದು ಮಾತ್ರ, ವಾರಕ್ಕೊಮ್ಮೆ ನಮಗೆ ನೀರು ಬಿಡುವ ಹೊತ್ತಿಗೇ. ಹೋದರೆ ಈ ವಾರ ನೀರಿಲ್ಲ, ಹೋಗದಿದ್ದರೆ ನಲವತ್ತು ವರ್ಷ ನೀರಿಲ್ಲ. ಹೆಂಗಸರು ತಾವು ಬಕೆಟ್ಟು ಹಿಡಿದು ನಲ್ಲಿ ಹತ್ತಿರ ಉಳಿದು, ತಲೆಗೊಂದು ಕೊಡ ನನ್ನ ಗಾಡಿಗೆ ಹೇರಿದರು.

"ನಮ್ಮ ನಲ್ಲಿ ಮುಟ್ಬೇಡಿ ಅನ್ನು. ಬೇರೆ ಬುರುಡೆ ಬಿಡ್ಬೇಡ," ಎಂದಿದ್ದಳು ಇಸ್ತ್ರಿ ಅಕ್ಕ.

ದೊಡ್ಡ ಸಾಹೇಬರ ಹೊಟ್ಟೆ ಒಳಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರೂ ಬಂದರು. ಕೊಡಗಳನ್ನು ಕಂಡು ಮುಖ ಅರಳಿತು.

"ಎಷ್ಟು ಶಿಸ್ತಿನ ಜನ ರೀ! ಫೋಟೋ ತೆಗೀರಿ."

"ಸ್ವಾಮಿ, ನಮ್ಮ ನಲ್ಲಿ ಮುಟ್ಬೇಡಿ," ಎಂದೆ.

"ಗಾಡಿಯವನಿಗೆ ಇಲ್ಲೇನೋ ಕೆಲ್ಸ? ಜನ ಮಾತಾಡ್ಲಿ." ಕೊಡಗಳ ಕಡೆ ತಿರುಗಿದರು. "ಯಾರಿಗಾದ್ರೂ ವಿರೋಧ ಇದ್ಯಾ?"

ಅಷ್ಟೂ ಕೊಡಗಳು ಬಾಯಿ ತೆರೆದು ಕೂತಿದ್ದವು. ಒಂದೂ ತುಟಿ ಪಿಟಕ್ಕೆನ್ನಲಿಲ್ಲ.

"ಸರ್ವಾನುಮತ!"

ಇಲಾಖೆಯವರ ಚಪ್ಪಾಳೆ ಬಿತ್ತು. ದೊಡ್ಡ ಸಾಹೇಬರು ಸಂತೋಷ ತಡೆಯಲಾರದೆ ಪಾಯಖಾನೆಗೆ ನಡೆದರು.

ಅಷ್ಟರಲ್ಲಿ ಬಾಗಿಲಲ್ಲಿ ಇಸ್ತ್ರಿ ಅಕ್ಕ, ಅವಳ ಹಿಂದೆ ಬೀದಿಗೆ ಬೀದಿಯೇ.

"ಒಂದು ಹನಿ ಬರ್ಲಿಲ್ಲ ಕಣೋ! ನೀರೆಲ್ಲ ಈ ಕಟ್ಟಡದ ಟ್ಯಾಂಕಿಗೆ ಬಿಟ್ರಂತೆ. ಸಾಹೇಬ್ರು ಬರ್ತಾರಂತ ಹುಲ್ಲಿಗೆ ಸ್ನಾನ ಮಾಡಿಸ್ತಾವ್ರೆ, ಮುಂಡೇವು."

ಕಿಟಕಿಯಾಚೆ ರಬ್ಬರ್ ಪೈಪು ಹುಲ್ಲಿನ ಮೇಲೆ ಚಿಮ್ಮುತ್ತಿತ್ತು, ಕಾಮನಬಿಲ್ಲು ಸಮೇತ.

"ನಲ್ಲಿ ವಿಷ್ಯ ಏನಾಯ್ತು?"

"ಕೀಳೋಕೆ ನೀವೆಲ್ಲ ಒಪ್ಕೊಂಡ್ರಿ ಅಕ್ಕಾ. ಈಗ್ತಾನೆ."

ಅಕ್ಕ ಕುರ್ಚಿಯಿಂದ ತನ್ನ ಕೊಡ ಎತ್ತಿಕೊಂಡು ಹೋಗಿ, ಚಿಮ್ಮುತ್ತಿದ್ದ ಪೈಪನ್ನು ಅದರ ಬಾಯಿಗಿಟ್ಟಳು.

"ಸಾಲು ಮುರೀಬೇಡ್ರೇ!"

"ಏಯ್, ಸರ್ಕಾರಿ ನೀರು!" ಸಣ್ಣ ಸಾಹೇಬರು ಓಡಿ ಬಂದರು.

"ನಾವೂ ಸರ್ಕಾರಿ ಜನಾನೇ ಕಣಯ್ಯಾ. ನಮಗೇ ಅಲ್ವಾ ಚಪ್ಪಾಳೆ ಹೊಡೆದಿದ್ದು?" ಎಂದಳು ಚಿಕ್ಕಮ್ಮ, ಅವರ ಕಾಲಿಗೇ ಕೊಡ ಕುಕ್ಕಿ.

ಅವರು ಪೊಲೀಸರಿಗೆ ಫೋನ್ ಹಚ್ಚಿದರು. ಕೊಡಗಳು ತುಂಬಿದವು, ಬಕೆಟ್ಟುಗಳು ತುಂಬಿದವು. ಮಾಳಿಗೆ ಮೇಲೆ ಟ್ಯಾಂಕು ಗೊರಗೊರ ಎಂದು ಪ್ರಾಣ ಬಿಟ್ಟಿತು. ಪಾಯಖಾನೆಯೊಳಗಿಂದ ದೊಡ್ಡ ದನಿ ಬಂತು.

"ಯಾರ್ರೀ ಅಲ್ಲಿ? ನೀರು! ನೀರು ನಿಂತೋಯ್ತು!"

ಅಕ್ಕ ಆ ಬಾಗಿಲಿಗೆ ಬಾಯಿ ಹತ್ತಿರ ತಂದಳು.

"ಅವಸರ ಮಾಡ್ಬೇಡಿ ಸಾಹೇಬ್ರೇ. ನಲವತ್ತು ವರ್ಷದ ವಿಷ್ಯ. ಒಂದು ಸಭೆ ಕರೆದು ನಿಮ್ಮ ಅಭಿಪ್ರಾಯಾನೂ ಕೇಳ್ತೀವಿ."

ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.