ಒಂಬತ್ತೂವರೆಯ ಪ್ರತಿ

ಆಸ್ಪತ್ರೆಯ ಇನ್ನೂರು ಕಂಪ್ಯೂಟರುಗಳಿಗೂ ಹೊರಗಿನ ಇಂಟರ್‌ನೆಟ್‌ಗೂ ನಡುವೆ ಒಂದೇ ಯಂತ್ರವಿತ್ತು, ಪ್ರಾಕ್ಸಿ ಸರ್ವರ್. ಯಾರು ಯಾವ ಪುಟ ಕೇಳಿದರೂ ಅದೇ ಹೊರಗಿನಿಂದ ತಂದು, ಸೋಸಿ, ತನ್ನಲ್ಲೊಂದು ಪ್ರತಿ ಇಟ್ಟುಕೊಂಡು ಕೊಡುತ್ತಿತ್ತು. ಇನ್ನೊಬ್ಬರು ಅದೇ ಪುಟ ಕೇಳಿದರೆ ಆ ಪ್ರತಿಯೇ ಕ್ಷಣದಲ್ಲಿ ಸಿಗುತ್ತಿತ್ತು. ಹೋದ ವಾರ ಕಚೇರಿಯವರು ತೆರೆಯಹೊರಟಿದ್ದ ವೈರಸ್ ಫೈಲನ್ನು ಅದು ಹೊಸ್ತಿಲಲ್ಲೇ ತಡೆದ ಮೇಲೆ, ಯಂತ್ರ ನೋಡಿಕೊಳ್ಳುವವಳಿಗೆ ‘ಬಾಗಿಲಮ್ಮ’ ಎಂಬ ಹೆಸರು ಅಂಟಿಕೊಂಡಿತ್ತು.

ಆ ದಿನ ಬೆಳಿಗ್ಗೆ ಅವಳು ಇನ್ನೊಂದು ಉಪಕಾರ ಮಾಡಿದ್ದಳು. ಊರಾಚೆಯ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ತೋರಿಸುವ ಪುಟವನ್ನು ಎಲ್ಲ ವಾರ್ಡಿನವರೂ ಪದೇ ಪದೇ ತೆರೆದು ಲೈನು ಉಸಿರುಗಟ್ಟುತ್ತಿತ್ತು. ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಹೆರಿಗೆ ಮುಗಿಸಬಹುದು ಎಂದು ಹಿರಿಯ ನರ್ಸ್ ಛೇಡಿಸಿದ್ದರು. ‘ಪ್ರತಿ ಇಟ್ಟುಕೊಳ್ಳಬೇಡಿ’ ಎಂಬ ಸೂಚನೆ ಆ ಪುಟದ ಜೊತೆಗೇ ಬರುತ್ತಿತ್ತು. ಪ್ರತಿ ಮೂರು ನಿಮಿಷ ಹಳೆಯದಾದರೇನು ಮಹಾ ಎಂದು ಅವಳು ಸೂಚನೆಯನ್ನು ಕಡೆಗಣಿಸುವ ನಿಯಮ ಬರೆದು, ಅವಧಿಯ ಜಾಗದಲ್ಲಿ ನೂರೆಂಬತ್ತು ಎಂದು ತುಂಬಿದ್ದಳು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಪ್ರಾಕ್ಸಿಯ ದಾಖಲೆಗಳನ್ನು ನೋಡುತ್ತ ಅವಳ ಕೈ ನಿಂತಿತು. ಆ ಪುಟವನ್ನು ಅರವತ್ತೊಂದು ಸಲ ಕೇಳಿದ್ದರು. ಮೊದಲ ಸಲ ಬಿಟ್ಟು ಉಳಿದ ಅರವತ್ತು ಸಲವೂ ಕೊಟ್ಟಿದ್ದು ಒಂಬತ್ತೂವರೆಗೆ ತಂದಿಟ್ಟ ಒಂದೇ ಪ್ರತಿ. ಆ ಜಾಗದಲ್ಲಿ ತುಂಬಬೇಕಾದದ್ದು ನಿಮಿಷಗಳ ಲೆಕ್ಕ. ಅವಳು ತುಂಬಿದ್ದು ಸೆಕೆಂಡುಗಳ ಲೆಕ್ಕ. ಮೂರು ನಿಮಿಷ ಹೋಗಿ ಮೂರು ಗಂಟೆಯಾಗಿತ್ತು.

ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಪುಟ ತೆರೆದಳು. ಓ ನೆಗೆಟಿವ್: ಸೊನ್ನೆ. ಇಟ್ಟ ಪ್ರತಿಯಲ್ಲಿ: ನಾಲ್ಕು. ಆ ದಿನದ ಆಪರೇಷನ್ ಪಟ್ಟಿಯಂತೆ ಹನ್ನೊಂದು ಗಂಟೆಗೆ ಅದೇ ಗುಂಪಿನ ಹೆಂಗಸೊಬ್ಬರಿಗೆ ಹೊಟ್ಟೆಯ ಗಡ್ಡೆ ತೆಗೆಯುವ ದೊಡ್ಡ ಆಪರೇಷನ್ ಇತ್ತು. ಆಪರೇಷನ್ ಥಿಯೇಟರಿನ ಕಂಪ್ಯೂಟರ್ ಏಳು ನಿಮಿಷದ ಹಿಂದೆ ಪುಟ ನೋಡಿತ್ತು.

ಪ್ರತಿ ಅಳಿಸಿ, ನಿಯಮ ತೆಗೆದು, ಪಕ್ಕದ ಮೇಜಿನ ಮೇಲಧಿಕಾರಿಗೆ ಹೇಳಿದಳು. ಅವರು ತಲೆ ಎತ್ತಲಿಲ್ಲ.

“ಅಳಿಸಿದ್ಯಲ್ಲ, ಮುಗೀತು. ರಕ್ತನಿಧಿಯವರ ಪುಟಾನೇ ತಪ್ಪು ತೋರಿಸ್ತಿತ್ತು ಅಂದ್ರಾಯ್ತು. ಸುಮ್ನೆ ಮೈಮೇಲೆ ಎಳ್ಕೋಬೇಡ ತಾಯಿ.”

“ಥಿಯೇಟರಿನವರು ಆಗಲೇ ನೋಡಿಬಿಟ್ಟಿದಾರೆ ಸಾರ್. ಮತ್ತೆ ಯಾಕೆ ನೋಡ್ತಾರೆ?”

ಅವಳು ಮಾಡಿದ ಫೋನ್ ಥಿಯೇಟರಿನಲ್ಲಿ ರಿಂಗಾಗಿ ರಿಂಗಾಗಿ ನಿಂತಿತು. ಲಿಫ್ಟು ಐದನೇ ಮಹಡಿಯಲ್ಲಿತ್ತು. ಅವಳು ಮೆಟ್ಟಿಲು ಹಿಡಿದಳು. ಮೂರನೇ ಮಹಡಿಯಲ್ಲಿ, ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಮುದುಕಿಯೊಬ್ಬಳು ಸೊಸೆಯ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಗಿಲು ಮುಚ್ಚಿತ್ತು. ಒಳಗೆ ಬರುವಂತಿಲ್ಲ ಎಂದು ನರ್ಸ್ ಅಡ್ಡ ಬಂದರೂ ಅವಳು ಬಾಗಿಲು ತಳ್ಳಿದಳು.

ಅರಿವಳಿಕೆಯ ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಂಡು ಮೇಜಿನತ್ತ ತಿರುಗಿದ್ದರು. ರಕ್ತ ಇಲ್ಲ ಎಂದಳು. ನಾಲ್ಕು ಬಾಟಲಿ ಇರುವುದನ್ನು ತಾವೇ ಕಣ್ಣಾರೆ ನೋಡಿದ್ದಾಗಿ ಅವರು ಹೇಳಿದರು.

“ನೀವು ನೋಡಿದ್ದು ಒಂಬತ್ತೂವರೆದು ಸಾರ್. ಈಗ ಒಂದೂ ಇಲ್ಲ. ಹಳೇದು ತೋರ್ಸೋ ಹಾಗೆ ಮಾಡಿದ್ದು ನಾನೇ.”

ಸಿರಿಂಜು ತಟ್ಟೆಗೆ ಇಳಿಯಿತು. ಡಾಕ್ಟರು ರಕ್ತನಿಧಿಗೆ ಫೋನ್ ಮಾಡಿಸಿ ತಾವೇ ಮಾತಾಡಿದರು. ಹತ್ತು ಗಂಟೆಗೆ ಬೇರೆ ಆಸ್ಪತ್ರೆಯವರು ನಾಲ್ಕನ್ನೂ ಒಯ್ದಿದ್ದರು. ಸಂಜೆಯವರೆಗೆ ಬೇರೆ ಬರುವಂತಿರಲಿಲ್ಲ. ಹೆಂಗಸನ್ನು ಸ್ಟ್ರೆಚರಿಗೆ ಬದಲಿಸಿ ಹೊರಗೆ ತಂದರು. ಮುದುಕಿ ಎದ್ದು ನಿಂತು ಏನಾಯಿತೆಂದು ಕೇಳಿದಳು. ರಕ್ತ ಬಂದ ಮೇಲೆ ಮಾಡೋಣ ಎಂದರು ಡಾಕ್ಟರು, ಅಷ್ಟೇ.

“ಪುಟ ಸರಿಹೋಗಿದೆ ಸಾರ್,” ಎಂದಳು ಬಾಗಿಲಮ್ಮ, “ಈಗ ತೋರ್ಸೋದು ಈ ಕ್ಷಣದ್ದೇ.”

ಡಾಕ್ಟರು ಕಂಪ್ಯೂಟರಿನತ್ತ ನೋಡಲಿಲ್ಲ. ನರ್ಸಿಗೆ ಹೇಳಿದರು: “ಇನ್ಮೇಲೆ ಫೋನ್ ಮಾಡಿನೇ ಕೇಳಿ.”

ನರ್ಸ್ ರಕ್ತನಿಧಿಯ ನಂಬರನ್ನು ದಪ್ಪಕ್ಷರದಲ್ಲಿ ಬರೆದು, ಆ ಚೀಟಿಯನ್ನು ಕಂಪ್ಯೂಟರ್ ಪರದೆಯ ನಟ್ಟನಡುವೆ ಅಂಟಿಸಿದರು.